ಚೀನದ ಹೊಸವರ್ಷದ ಚಿತ್ರಪಟಗಳು: ಬೆಳೆದು ಬಂದ ಬಗೆ

ವರ್ಷಾರಂಭದಲ್ಲಿ ಬಾಗಿಲಿಗೆ ಅಂಟಿಸಿ, ಮಳೆಬಿಸಿಲುಗಳಿಗೆ ಒಡ್ಡಿ, ಮರುವರ್ಷ ಕಿತ್ತೆಸೆಯುವುದಕ್ಕೆಂದೇ ಹುಟ್ಟಿದ ಕಲೆಯೊಂದು ಸಾವಿರ ವರ್ಷಗಳ ಕಾಲ ಅವಿಚ್ಛಿನ್ನವಾಗಿ ಬಾಳಿತೆಂಬುದು ವಿಸ್ಮಯಕರವಾದ ಸಂಗತಿ. ಚೀನದ ಜನಪದ ಕಲೆಗಳು ಬಹುವಿಧವಾದುವು. ಆದರೆ ಸಾಮಾನ್ಯ ಗೃಹಸ್ಥನ ಆಶೆ, ಭಯ, ಭಕ್ತಿಗಳೆಲ್ಲವನ್ನೂ ಒಂದೇ ಹಾಳೆಯ ಮೇಲೆ ಕಾಣಿಸಿದ ಕೀರ್ತಿ ಮರದ ಅಚ್ಚಿನಿಂದ ಮುದ್ರಿತವಾಗುವ ಹೊಸವರ್ಷದ ಚಿತ್ರಪಟಕ್ಕೆ, ಅಲ್ಲಿನವರು 'ನಿಯನ್‌ಹುವಾ' ಎಂದು ಕರೆಯುವ ಪಟಕ್ಕೆ, ಸಲ್ಲತಕ್ಕುದು.

ಇದರ ಮೂಲವಿರುವುದು ದ್ವಾರರಕ್ಷಣೆಯ ನಂಬಿಕೆಯಲ್ಲಿ. ಭೂತಪ್ರೇತಗಳನ್ನು ಕಟ್ಟಿ ಹುಲಿಗೆ ಆಹಾರವಾಗಿ ಒಡ್ಡುತ್ತಿದ್ದರೆಂದು ಪ್ರತೀತಿಯಿರುವ ಇಬ್ಬರು ಸಹೋದರದೇವತೆಗಳ ರೂಪವನ್ನು ಬಾಗಿಲಲ್ಲಿ ಇರಿಸುವ ಪದ್ಧತಿ ಹಾನ್ ವಂಶದ ಕಾಲಕ್ಕಾಗಲೇ ರೂಢಿಯಲ್ಲಿತ್ತು. ತಾಂಗ್ ಚಕ್ರವರ್ತಿಯ ನಿದ್ರೆಯನ್ನು ಕಾಯ್ದರೆಂಬ ಐತಿಹ್ಯದ ಚಿನ್ ಚಿಯೋಂಗ್, ಯೂಚಿ ಗೋಂಗ್ ಎಂಬ ಸೇನಾನಿಗಳು ಮುಂದೆ ಆ ಸ್ಥಾನವನ್ನು ಪಡೆದರು. ತಾಂಗ್ ಕಾಲದಲ್ಲೇ ಮುದ್ರಣವಿದ್ಯೆ ಪ್ರಬುದ್ಧವಾಗಿತ್ತು. 868ರಲ್ಲಿ ಅಚ್ಚಾದ ವಜ್ರಚ್ಛೇದಿಕಾ ಸೂತ್ರದ ಮುಖಚಿತ್ರವೇ ಅದಕ್ಕೆ ಸಾಕ್ಷಿ. ಬುದ್ಧವಚನವನ್ನು ಹರಡಿದ ಆ ವಿದ್ಯೆಯೇ ಸೋಂಗ್ ವಂಶದ ರಾಜಧಾನಿಯಾದ ಕೈಫೆಂಗ್ ನಗರದ ವರ್ಷಾಂತ್ಯದ ಪೇಟೆಗಳಲ್ಲಿ ದ್ವಾರದೇವತೆಗಳ ಅಚ್ಚಿನ ಪಟಗಳನ್ನು ಬಡವನ ಕೈಗೂ ಎಟುಕುವಂತೆ ಮಾಡಿತು.

ಮಿಂಗ್, ಚಿಂಗ್ ವಂಶಗಳ ಕಾಲದಲ್ಲಿ ಈ ಕಲೆ ನಾನಾ ಪ್ರಾಂತಗಳಲ್ಲಿ ಬೇರೂರಿತು. ಸುಜೌ ನಗರದ ತಾವ್‌ಹುವಾವು ಕಲಾವಿದರು ಹದಿನೆಂಟನೆಯ ಶತಮಾನದಲ್ಲಿ ಪಾಶ್ಚಾತ್ಯರು ದೂರಸಮೀಪಗಳನ್ನು ಕಾಣಿಸುವ ಕ್ರಮವನ್ನೂ ಛಾಯಾವಿನ್ಯಾಸವನ್ನೂ ತಮ್ಮದಾಗಿಸಿಕೊಂಡರು. ತಿಯಾನ್‌ಜಿನ್ ಸಮೀಪದ ಯಾಂಗ್‌ಲಿಯುಚಿಂಗ್‌ನಲ್ಲಿ ಅಚ್ಚೂ ಕುಂಚವೂ ಜೊತೆಗೂಡಿದುವು: ಮೊದಲು ರೇಖೆಗಳ ಮಣೆಯಿಂದ ಕಪ್ಪು ಮಸಿಯ ಮುದ್ರೆ, ಬಳಿಕ ಬಣ್ಣಕ್ಕೊಂದರಂತೆ ಬೇರೆಬೇರೆ ಮಣೆಗಳು, ಕೊನೆಗೆ ಹಾಳೆಯನ್ನು ಬಾಗಿಲಿನಂತೆ ತಿರುಗುವ ಹಲಗೆಗೆ ಅಂಟಿಸಿ, ಮಗುವಿನ ಕೆನ್ನೆಗೆ ಕೆಂಪನ್ನೂ ಮುಖಕ್ಕೆ ಬಿಳುಪನ್ನೂ ಪದರಪದರವಾಗಿ ಕೈಯಿಂದಲೇ ಲೇಪಿಸುವುದು. ಸುತ್ತಣ ಹಳ್ಳಿಗಳ ಹೆಂಗಸರೂ ಮಕ್ಕಳೂ ಈ ವರ್ಣಕಾರ್ಯದಲ್ಲಿ ನಿರತರಾಗಿರುತ್ತಿದ್ದರು.

ಇವುಗಳ ಸಂಕೇತಭಾಷೆ ಕಿವಿಯನ್ನೂ ಕಣ್ಣನ್ನೂ ಏಕಕಾಲದಲ್ಲಿ ಮುಟ್ಟುವಂಥದು. ತಾವರೆಯನ್ನು ಹಿಡಿದು ಮೀನನ್ನು ತಬ್ಬಿದ ದುಂಡುಮಗುವಿನ ಪಟವನ್ನು ಕಂಡಾಗ, ತಾವರೆ 'ನಿರಂತರ'ವೆಂಬ ಮಾತಿನೊಡನೆಯೂ ಮೀನು 'ಸಮೃದ್ಧಿ'ಯೊಡನೆಯೂ ಚೀನೀ ಭಾಷೆಯಲ್ಲಿ ಸಮಧ್ವನಿಯಾಗಿರುವುದರಿಂದ, ವರ್ಷವರ್ಷವೂ ಕಣಜ ತುಂಬಿರಲೆಂಬ ಹಾರೈಕೆ ಅನಕ್ಷರಸ್ಥನಿಗೂ ತಾನಾಗಿ ವೇದ್ಯವಾಗುತ್ತದೆ. ಇದೇ ರೀತಿ ಬಾವಲಿ ಸೌಭಾಗ್ಯವನ್ನು ಸೂಚಿಸಿದರೆ, ಪೀಚ್ ಹಣ್ಣು ದೀರ್ಘಾಯುಸ್ಸನ್ನೂ ಬೀಜಗಳು ಕಿಕ್ಕಿರಿದ ದಾಳಿಂಬೆ ಸಂತಾನವನ್ನೂ ಸೂಚಿಸುತ್ತವೆ. ಒಲೆಯ ಬಳಿಯ ಪಾಕದೇವತೆಯ ಪಟವನ್ನಾದರೋ, ವರ್ಷಾಂತ್ಯದಲ್ಲಿ ತುಟಿಗೆ ಸಿಹಿಯನ್ನು ಸವರಿ ಸುಡುತ್ತಾರೆ; ಸ್ವರ್ಗದಲ್ಲಿ ಮನೆಯವರ ವಿಷಯವಾಗಿ ಆತ ಒಳ್ಳೆಯ ಮಾತನ್ನೇ ಆಡಲೆಂಬುದು ಅದರ ಉದ್ದೇಶ.

ಹತ್ತೊಂಬತ್ತನೆಯ ಶತಮಾನ ಈ ಕಲೆಗೆ ಕಷ್ಟಕಾಲವಾಯಿತು. ಚಿಂಗ್ ವಂಶದ ವಿರುದ್ಧದ ತೈಪಿಂಗ್ ದಂಗೆಯ ಕಾಲದಲ್ಲಿ, 1860ರಲ್ಲಿ, ಸುಜೌವಿನ ಕಾರ್ಯಾಗಾರಗಳು ನಾಶವಾದುವು. ಅನಂತರ ಷಾಂಘೈನ ಶಿಲಾಮುದ್ರಣ ಅಗ್ಗದ ಪಟಗಳನ್ನು ಹರಡಿತು. ಕಲಾರಸಿಕರು ಕಡೆಗಣಿಸಿದ್ದ ಈ ಹಾಳೆಗಳನ್ನು ರಷ್ಯದ ವಿದ್ವಾಂಸ ಅಲೆಕ್ಸೇಯೆವ್ 1907ರಲ್ಲಿ ಉತ್ತರ ಚೀನವನ್ನು ಸುತ್ತಿ ಆದರದಿಂದ ಸಂಗ್ರಹಿಸಿದನು. 1949ರಲ್ಲಿ ನೂತನ ಕಮ್ಯೂನಿಸ್ಟ್ ಸರ್ಕಾರ ದೇವತೆಗಳ ಬದಲು ರೈತಕಾರ್ಮಿಕರನ್ನು ಚಿತ್ರಿಸುವಂತೆ ಪ್ರೇರೇಪಿಸಿತು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಎಷ್ಟೋ ಹಳೆಯ ಅಚ್ಚುಮಣೆಗಳು ಹಾಳಾದುವು. ಮುಂದೆ ಸಾಹಿತಿ ಫೆಂಗ್ ಜಿತ್ಸಾಯ್ ಮುಂದಾಳಾಗಿ ಅಳಿದುಳಿದುದನ್ನು ದೇಶಾದ್ಯಂತ ದಾಖಲಿಸುವ ಕಾರ್ಯ ನಡೆಯಿತು. 2006ರ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಮುಖ್ಯ ಕೇಂದ್ರಗಳಿಗೆ ಸ್ಥಾನ ದೊರೆಯಿತು.

ಸಿಚುವಾನ್ ಪ್ರಾಂತದ ಮಿಯಾನ್‌ಜುವಿನಲ್ಲಿ ಕುಶಲಕರ್ಮಿಗಳು ಯಜಮಾನನ ಕೆಲಸ ಮುಗಿದ ಮೇಲೆ, ಉಳಿದ ಕಾಗದ, ಉಳಿದ ಬಣ್ಣಗಳಿಂದ, ಹಬ್ಬದ ಖರ್ಚಿಗೆಂದು ನಾಲ್ಕಾರು ಗೀಟುಗಳಲ್ಲಿ ಬರೆದು ಮಾರುತ್ತಿದ್ದ ದ್ವಾರದೇವತೆಗಳೇ ಇಂದು ಸಂಗ್ರಾಹಕರಿಗೆ ಅಮೂಲ್ಯವಾಗಿವೆ. ನುರಿತ ಕೈಗೆ ಮಾತ್ರ ಸಾಧ್ಯವಾದ ವೇಗ ಅವುಗಳಲ್ಲಿದೆ. ಪಟಗಳು ವರ್ಷವರ್ಷವೂ ಅಳಿದರೂ ಕಲೆ ಅಳಿಯದೆ ಉಳಿದುದು ಅಂಥ ಕೈಗಳಿಂದ, ಹೊಸದನ್ನು ಬೇಡುತ್ತಿದ್ದ ಮನೆಗಳಿಂದ. ಆದ್ದರಿಂದ ಹಳೆಯ ಹಾಳೆಗಳನ್ನು ಕಾಪಿಡುವುದು ಅವಶ್ಯವಾದರೂ, ಅಚ್ಚನ್ನು ಕೆತ್ತುವವನಿಗೆ ಅನ್ನವೂ ಶಿಷ್ಯನೂ ದೊರೆಯುವಂತೆ ಮಾಡುವುದೇ ಈ ಕಲೆಯ ನಿಜವಾದ ಸಂರಕ್ಷಣೆ.