ಕುಲುಮೆಗೆ ಗಾಳಿ ಪಕ್ಕದಿಂದಲೇ ಏಕೆ?

ಬನ್ನೇರುಘಟ್ಟ ರಸ್ತೆಯ ಮಗ್ಗುಲಿನ ನಮ್ಮ ಅರೆಕೆರೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಅದಕ್ಕೂ ಬಹಳ ಹಿಂದೆ ಇದು ರಾಗಿ ಬೆಳೆಯುವ ಹಳ್ಳಿ. ರಾಗಿಯ ಊರಿಗೆ ಗುಳ, ಕುಡುಗೋಲು, ಕುಂಟೆಗಳು ಬೇಕು. ಅವುಗಳಿಗೆ ಕಮ್ಮಾರ ಬೇಕು. ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬ. ಅವನ ಕೂಲಿ ಸುಗ್ಗಿಯ ಕಣದಲ್ಲಿ ಧಾನ್ಯವಾಗಿ ಸಲ್ಲುತ್ತಿತ್ತು.

ನಾನು ಚರಿತ್ರೆ ಬೋಧಿಸಿದ ವರ್ಷಗಳಲ್ಲಿ ಪಠ್ಯದಲ್ಲಿ ಟಿಪ್ಪುವಿನ ಕಬ್ಬಿಣದ ನಳಿಗೆಯ ರಾಕೆಟ್ಟುಗಳಿಗೆ ಸ್ಥಳವಿತ್ತು. ಕಬ್ಬಿಣವನ್ನು ಕಾಯಿಸುವ ಕುಲುಮೆಗೆ ಒಂದು ಸಾಲೂ ಇರಲಿಲ್ಲ. ಆ ಕೊರತೆಯನ್ನು ಇಲ್ಲಿ ತುಸು ತುಂಬುತ್ತೇನೆ.

ನೆಲದಲ್ಲಿ ಆಳವಿಲ್ಲದ ಒಂದು ಗುಣಿ. ಅದರ ಒಂದು ಬದಿಗೆ ಮೋಟು ಮಣ್ಣಿನ ಗೋಡೆ. ಗೋಡೆಯನ್ನು ಹಾಯ್ದು ಬರುವ ಮಣ್ಣಿನ ಕೊಳವೆಯ ಬಾಯಿ ಗುಣಿಯ ತಳಕ್ಕಿಂತ ನಾಲ್ಕಾರು ಬೆರಳು ಮೇಲಿರಬೇಕು. ಬೂದಿಯೂ ಕಿಟ್ಟವೂ ಅದರ ಕೆಳಗೆ ತಂಗುತ್ತವೆ, ಗಾಳಿಗೆ ಅಡ್ಡ ಬರುವುದಿಲ್ಲ. ಗೋಡೆಯ ಹಿಂದೆ ಆಡಿನ ಚರ್ಮದ ಎರಡು ತಿದಿಗಳು. ಒಂದು ಉಸಿರೆಳೆಯುವಾಗ ಇನ್ನೊಂದು ಊದುವುದರಿಂದ ಗಾಳಿಯ ಧಾರೆ ಕಡಿಯುವುದಿಲ್ಲ.

ಇದ್ದಿಲು ಬಲು ಹಗುರ. ತಳದಿಂದ ರಭಸವಾಗಿ ಊದಿದರೆ ಕಿಡಿಯಾಗಿ ಹಾರಿ, ಬೇಗ ಉರಿದು ಬರಿದಾಗುತ್ತದೆ. ಕಲ್ಲಿದ್ದಲಿನ ಒಲೆಗೆ ತಳದ ಜಾಲರಿಯಿಂದ ಗಾಳಿ ಕೊಡುವ ಪದ್ಧತಿ ಇದಕ್ಕೆ ಹೊಂದದು. ಮತ್ತೊಂದು ಸೂಕ್ಷ್ಮವಿದೆ. ಕೊಳವೆಯ ಬಾಯಿಗೇ ಕಬ್ಬಿಣವನ್ನು ಒಡ್ಡಿದರೆ ಹೊಸ ಗಾಳಿಯ ಆಮ್ಲಜನಕ ಅದನ್ನು ತಿಂದು ಹೊಪ್ಪಳಿಕೆ ಏಳಿಸುತ್ತದೆ. ತುಸು ಮೇಲೆ, ದಟ್ಟ ಕೆಂಡದ ನಡುವೆ ಇಟ್ಟರೆ ಅಲ್ಲಿಗೆ ತಲಪುವಷ್ಟರಲ್ಲಿ ಆಮ್ಲಜನಕ ಬಹುಮಟ್ಟಿಗೆ ತೀರಿರುತ್ತದೆ. ರಸಾಯನಶಾಸ್ತ್ರದ ಹೆಸರುಗಳನ್ನು ಕೇಳದ ಕೈಗಳಿಗೆ ಈ ಜಾಗ ಕೆಂಡದ ಬಣ್ಣದಿಂದಲೇ ಗೊತ್ತಾಗುತ್ತಿತ್ತು. ಇದನ್ನು ಹಿಂದುಳಿದ ತಂತ್ರವೆನ್ನುವವರ ಮಾತನ್ನು ನಾನು ಒಪ್ಪಲಾರೆ.

ನಮ್ಮ ಸೀಮೆಯ ಕಬ್ಬಿಣದ ಕೆಲಸ ಕಾಗದಕ್ಕಿಳಿದದ್ದು ಪರದೇಶಿಯೊಬ್ಬನಿಂದ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿಯ ಬಳಿಯ ಘಟ್ಟಿಪುರದ ಕಬ್ಬಿಣವನ್ನೂ, ವಾದ್ಯಗಳ ತಂತಿಗಾಗಿ ದೂರದ ನಾಡುಗಳಿಗೆ ಹೋಗುತ್ತಿದ್ದ ಚನ್ನಪಟ್ಟಣದ ಉಕ್ಕಿನ ಎಳೆಗಳನ್ನೂ ವರ್ಣಿಸಿದ್ದಾನೆ. ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ವೀಣೆ ನುಡಿಸುವವರ ಹೆಸರುಗಳು ನಮಗೆ ಗೊತ್ತು. ತಂತಿ ಎಳೆದವರದು ಒಂದೂ ಗೊತ್ತಿಲ್ಲ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದರ ಊದುಕುಲುಮೆಗೂ ಮಲೆನಾಡಿನ ಇದ್ದಿಲೇ ಆಹಾರ. ಅಲ್ಲಿಯೂ ಗಾಳಿ ನುಗ್ಗುತ್ತಿದ್ದುದು ಪಕ್ಕದ ಕೊಳವೆಗಳಿಂದ! ಆದರೆ ಕಾರ್ಖಾನೆಯ ಅಗ್ಗದ ಗುಳ, ಬಳಿಕ ಟ್ರಾಕ್ಟರು, ಹಳ್ಳಿಯ ಕಮ್ಮಾರನ ಕೆಲಸವನ್ನು ಕಸಿದವು. ಹೊಲಗಳು ನಿವೇಶನಗಳಾದ ಊರುಗಳಲ್ಲಿ ಕುಡುಗೋಲು ಹಣಿಸಲು ಬರುವವರಾದರೂ ಯಾರು?

ಉಳಿದಿರುವ ಕುಲುಮೆಗಳಲ್ಲಿ ತಿದಿಯ ಜಾಗಕ್ಕೆ ಕೈಯಿಂದ ತಿರುಗಿಸುವ ಗಾಳಿಯಂತ್ರ, ಆಮೇಲೆ ವಿದ್ಯುತ್ತಿನ ಬ್ಲೋಯರ್ ಬಂದಿದೆ. ಕೊಳವೆ ಮಾತ್ರ ಹಲವೆಡೆ ಪಕ್ಕದಲ್ಲೇ ಇದೆ.