ಔಷಧಿಗೆ ಬಗ್ಗದ ಹುಳು: ಕುರಿಯ ಜಂತುಬಾಧೆಯ ಅಧ್ಯಯನ ನಡೆದುಬಂದ ದಾರಿ

ಮುಂಗಾರು ಹಿಡಿದು ತಿಂಗಳೊಪ್ಪತ್ತಾದ ಮೇಲೆ ಕುರಿಮಂದೆಗೆ ಒಂದು ಕಾಯಿಲೆ ಬರುತ್ತದೆ. ಹಸಿರು ಮೇವು ಯಥೇಚ್ಛವಾಗಿದ್ದರೂ ಕೆಲವು ಕುರಿಗಳು ಮಂದೆಯಿಂದ ಹಿಂದೆ ಬೀಳತೊಡಗುತ್ತವೆ. ಸ್ವಲ್ಪ ಓಡಿಸಿದರೆ ಏದುಸಿರು ಬಿಟ್ಟು ನಿಂತುಬಿಡುತ್ತವೆ. ಸಂಜೆ ಹಟ್ಟಿಗೆ ಮರಳುವ ಹೊತ್ತಿಗೆ ಗದ್ದದ ಕೆಳಗೆ ಮೆತ್ತನೆಯ ಬಾವು ಕಾಣುತ್ತದೆ. ದಿನವಿಡೀ ತಲೆ ತಗ್ಗಿಸಿ ಮೇಯುವಾಗ ಅಲ್ಲಿಗೆ ಇಳಿದು ನಿಂತ ನೀರು ಅದು. ಬೆಳಗಾಗುವಷ್ಟರಲ್ಲಿ ಬಾವು ತುಸು ಇಳಿದಿರುತ್ತದೆ. ಜ್ವರವಿಲ್ಲ, ಭೇದಿಯಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಕೆಳರೆಪ್ಪೆ ಬಿಡಿಸಿ ನೋಡಿದರೆ ಮಾತ್ರ ಒಳಗಿನ ಪೊರೆ ಕೆಂಪು ಕಳೆದುಕೊಂಡು ಬಿಳುಚಿರುತ್ತದೆ.

ಸತ್ತ ಕುರಿಯ ನಾಲ್ಕನೆಯ ಹೊಟ್ಟೆಯನ್ನು ಸೀಳಿದರೆ ಕಾರಣ ಬರಿಗಣ್ಣಿಗೇ ಕಾಣುತ್ತದೆ. ಕೆಂಪು, ಬಿಳಿ ನೂಲುಗಳನ್ನು ಸೇರಿಸಿ ಹೊಸೆದಂತಿರುವ, ಎರಡು-ಮೂರು ಸೆಂಟಿಮೀಟರ್ ಉದ್ದದ ಹುಳುಗಳು ಅಲ್ಲಿ ಮುಲುಗುಟ್ಟುತ್ತಿರುತ್ತವೆ. ಕೆಂಪು ಕಾಣುವುದು ಕುರಿಯ ರಕ್ತ ತುಂಬಿದ ಹುಳುವಿನ ಕರುಳು, ಬಿಳಿ ಕಾಣುವುದು ಅದರ ಸುತ್ತ ಸುತ್ತಿಕೊಂಡ ಅಂಡಾಶಯ. ಇದೇ ಹೀಮಾಂಕಸ್ ಕಂಟಾರ್ಟಸ್. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತವನ್ನು ಕುರಿಯಿಂದ ಕಳೆಯುತ್ತದೆ. ಕೇಳಲು ಅತ್ಯಲ್ಪ. ಆದರೆ ಐದು ಸಾವಿರ ಹುಳುಗಳಿದ್ದರೆ ದಿನಕ್ಕೆ ಕಾಲು ಲೀಟರ್ ಆಯಿತು. 25 ಕೆ.ಜಿ. ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂವರೆ ಲೀಟರ್ ಆಸುಪಾಸಿನದು.

ಕುರಿಯ ಜೀರ್ಣಾಂಗದಲ್ಲಿ ಬೇರೆ ಹುಳುಗಳೂ ಇವೆ. ಸಣ್ಣಕರುಳಿನಲ್ಲಿ ಟ್ರೈಕೊಸ್ಟ್ರಾಂಜೈಲಸ್, ದೊಡ್ಡಕರುಳಿನಲ್ಲಿ ಗಂಟು ಕಟ್ಟಿಸುವ ಈಸೊಫ್ಯಾಗೊಸ್ಟೋಮಮ್, ಮರಿಗಳಲ್ಲಿ ಲಾಡಿಹುಳು. ಹಿಕ್ಕೆಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ತುಣುಕುಗಳಾಗಿ ಹೊರಬೀಳುವ ಲಾಡಿಹುಳುವನ್ನು ಕಂಡು ಕುರಿಗಾರರು ಹೆಚ್ಚು ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಹಿಕ್ಕೆಯಲ್ಲಿ ಎಂದೂ ಕಣ್ಣಿಗೆ ಬೀಳದ ಈ ರಕ್ತಹೀರುಕನಿಗೆ. ಸಂಶೋಧಕರ ಗಮನವನ್ನು ಇನ್ನೂರು ವರ್ಷಗಳಿಂದ ಹಿಡಿದಿಟ್ಟದ್ದೂ ಇದೇ.

1803ರಲ್ಲಿ ಕಾರ್ಲ್ ರುಡಾಲ್ಫಿ ಇದನ್ನು ವರ್ಣಿಸಿ ಹೆಸರಿಟ್ಟ. 1898ರಲ್ಲಿ ನೇಥನ್ ಕಾಬ್ ಇದನ್ನು ಹೀಮಾಂಕಸ್ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದ. ಆದರೆ ಹುಳು ಒಂದು ಕುರಿಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆಂಬುದು ಬಹುಕಾಲ ಬಗೆಹರಿದಿರಲಿಲ್ಲ. ಅದನ್ನು ಬಿಡಿಸಿದವರು ಇಬ್ಬರು: 1906ರಲ್ಲಿ ಅಮೆರಿಕದ ಬ್ರೇಟನ್ ರ್‍ಯಾನ್ಸಮ್, 1915ರಲ್ಲಿ ದಕ್ಷಿಣ ಆಫ್ರಿಕಾದ ಆಂಡರ್‌ಸ್ಟಪೂರ್ಟ್ ಸಂಸ್ಥೆಯ ಫ್ರ್ಯಾಂಕ್ ವೆಗ್ಲಿಯ.

ಹುಳುವಿನ ಬದುಕು ನಡೆಯುವುದು ಹೀಗೆ. ಹೆಣ್ಣುಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ. ಬೆಚ್ಚಗೂ ತೇವವಾಗಿಯೂ ಇದ್ದರೆ ವಾರದೊಳಗೆ ಮರಿಹುಳು ಹೊರಬಂದು, ಎರಡು ಬಾರಿ ಪೊರೆ ಬದಲಿಸಿ, ಮೂರನೆಯ ಹಂತದಲ್ಲಿ ಹುಲ್ಲಿನ ಮೇಲಿನ ತೇವದಲ್ಲಿ ಮೇಲಕ್ಕೇರುತ್ತದೆ. ಈ ಹಂತದಲ್ಲಿ ಹಳೆಯ ಪೊರೆಯೇ ಅದಕ್ಕೆ ಕವಚ. ಬಾಯಿ ಮುಚ್ಚಿರುವುದರಿಂದ ಅದು ಏನನ್ನೂ ತಿನ್ನಲಾರದು, ಮೈಯಲ್ಲಿ ಕೂಡಿಟ್ಟ ಶಕ್ತಿ ಇರುವತನಕ ಮಾತ್ರ ಬದುಕಬಲ್ಲದು. ಬಿಸಿಲು ಹೆಚ್ಚಾದಷ್ಟೂ ಆ ಶಕ್ತಿ ಬೇಗ ಮುಗಿಯುತ್ತದೆ. ಕುರಿ ಹುಲ್ಲಿನೊಂದಿಗೆ ನುಂಗಿದರೆ ಮೂರು ವಾರದೊಳಗೆ ಅದು ಬೆಳೆದು ತಾನೂ ಮೊಟ್ಟೆಯಿಡತೊಡಗುತ್ತದೆ. ಹೊರಗಿನ ಹವೆ ಒಗ್ಗದ ಕಾಲದಲ್ಲಿ ಕುರಿಯ ಹೊಟ್ಟೆಯ ಪೊರೆಯೊಳಗೆ ತಿಂಗಳುಗಟ್ಟಲೆ ಬೆಳೆಯದೆ ಸುಮ್ಮನಿದ್ದು, ಮಳೆಗಾಲಕ್ಕೆ ಎದ್ದು ಬರುವ ಶಕ್ತಿಯೂ ಇದಕ್ಕಿದೆ.

ಜೀವನಚಕ್ರ ತಿಳಿದ ಮೇಲೆ ಎಣಿಕೆ ಬೇಕಾಯಿತು. 1939ರಲ್ಲಿ ಸಿಡ್ನಿಯ ಮ್ಯಾಕ್‌ಮಾಸ್ಟರ್ ಪ್ರಯೋಗಾಲಯದ ಗಾರ್ಡನ್ ಮತ್ತು ವಿಟ್ಲಾಕ್ ಅದಕ್ಕೊಂದು ಗಾಜಿನ ಪಟ್ಟಿಯನ್ನು ರೂಪಿಸಿದರು. ವಿಧಾನ ಸರಳ. ಮೂರು ಗ್ರಾಂ ಹಿಕ್ಕೆಯನ್ನು 42 ಮಿಲಿಲೀಟರ್ ಉಪ್ಪಿನ ದ್ರಾವಣದಲ್ಲಿ ಕದಡಿ, ಜರಡಿ ಹಿಡಿದು, ಗೆರೆ ಕೊರೆದ ಎರಡು ಪುಟ್ಟ ಕೋಣೆಗಳಿಗೆ ತುಂಬುವುದು. ಉಪ್ಪುನೀರು ಭಾರ, ಮೊಟ್ಟೆ ಹಗುರ. ಕೆಲವೇ ನಿಮಿಷಗಳಲ್ಲಿ ಮೊಟ್ಟೆಗಳು ತೇಲಿ ಗೆರೆಗಳ ಕೆಳಗೆ ನಿಲ್ಲುತ್ತವೆ. ಎರಡೂ ಕೋಣೆಗಳಲ್ಲಿ ಕಂಡ ಮೊಟ್ಟೆಗಳನ್ನು ಕೂಡಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟಿವೆಯೆಂದು ಗೊತ್ತಾಗುತ್ತದೆ. ಎಂಬತ್ತು ವರ್ಷಗಳಾಚೆ ಇಂದಿಗೂ ಪಶುವೈದ್ಯ ಪ್ರಯೋಗಾಲಯಗಳಲ್ಲಿ ನಡೆಯುವುದು ಬಹುತೇಕ ಇದೇ ಪರೀಕ್ಷೆ. ಈ ಇಡೀ ಕ್ಷೇತ್ರದಲ್ಲಿ ಇಷ್ಟು ಅಗ್ಗದ, ಇಷ್ಟು ಬಾಳಿಕೆಯ ಇನ್ನೊಂದು ಉಪಕರಣ ಹುಟ್ಟಿಲ್ಲ.

ಅದೇ ಹೊತ್ತಿಗೆ ಔಷಧಿಗಳ ಯುಗವೂ ಶುರುವಾಯಿತು. ಅದಕ್ಕೆ ಮೊದಲು ಇದ್ದದ್ದು ಮೈಲುತುತ್ತ, ನಿಕೋಟಿನ್, ಪಾಷಾಣ: ಪ್ರಮಾಣ ತುಸು ತಪ್ಪಿದರೆ ಹುಳುವಿನ ಜೊತೆ ಕುರಿಯೂ ಹೋಗುತ್ತಿತ್ತು. 1938ರಲ್ಲಿ ಫಿನೋಥಯಾಜಿನ್‌ನ ಜಂತುನಾಶಕ ಗುಣ ಪತ್ತೆಯಾದಾಗ ಕುರಿ ಸಾಕುವ ದೇಶಗಳೆಲ್ಲ ನಿಟ್ಟುಸಿರು ಬಿಟ್ಟವು. 1957ರಲ್ಲಿ ಕೆಂಟಕಿಯಿಂದ ಸುದ್ದಿ ಬಂತು: ಆ ಔಷಧಿಗೆ ಬಗ್ಗದ ಹೀಮಾಂಕಸ್ ಸಿಕ್ಕಿದೆ. 1961ರಲ್ಲಿ ಮರ್ಕ್ ಕಂಪನಿ ಥಯಾಬೆಂಡಜೋಲ್ ತಂದಿತು. ಹೆಚ್ಚು ಸುರಕ್ಷಿತ, ಹೆಚ್ಚು ಪರಿಣಾಮಕಾರಿ. 1964ರ ಹೊತ್ತಿಗೆ ಅದಕ್ಕೂ ಬಗ್ಗದ ಹುಳುಗಳು ವರದಿಯಾದವು. ಆಮೇಲೆ ಬಂದ ಲೆವಮಿಸೋಲ್ ಔಷಧಿಯ ಕಥೆಯೂ ಹೆಚ್ಚು ಭಿನ್ನವಲ್ಲ.

1981ರಲ್ಲಿ ಐವರ್‌ಮೆಕ್ಟಿನ್ ಬಂತು. ಜಪಾನಿನ ಸತೋಷಿ ಓಮುರ ಗಾಲ್ಫ್ ಮೈದಾನವೊಂದರ ಬಳಿ ಸಂಗ್ರಹಿಸಿದ ಮಣ್ಣಿನ ಸೂಕ್ಷ್ಮಜೀವಿಯಿಂದ ಹುಟ್ಟಿದ, ವಿಲಿಯಂ ಕ್ಯಾಂಪ್‌ಬೆಲ್ ತಂಡ ಔಷಧಿಯಾಗಿ ಬೆಳೆಸಿದ ವಸ್ತು ಅದು. ಇಬ್ಬರಿಗೂ 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಮನುಷ್ಯರ ನದಿಕುರುಡಿನ ಕಾಯಿಲೆಗೆ ಇದು ಮಾಡಿದ ಉಪಕಾರ ಅಪಾರ. ಆದರೆ ದಕ್ಷಿಣ ಆಫ್ರಿಕಾದ ಕುರಿಗಳಲ್ಲಿ 1980ರ ದಶಕ ಮುಗಿಯುವ ಮೊದಲೇ ಹೀಮಾಂಕಸ್ ಇದನ್ನೂ ತಾಳಿಕೊಂಡಿತ್ತು. 2009ರಲ್ಲಿ ನ್ಯೂಜಿಲೆಂಡ್‌ನಲ್ಲಿ ಬಿಡುಗಡೆಯಾದ ಮೊನೆಪ್ಯಾಂಟೆಲ್ ಔಷಧಿಗೆ ಬಗ್ಗದ ಹುಳುಗಳು ಆ ದೇಶದಲ್ಲೇ 2013ರಲ್ಲಿ ವರದಿಯಾದವು. ಭಾರತವೇನೂ ಹೊರತಲ್ಲ: ಫಿನೋಥಯಾಜಿನ್, ಥಯಾಬೆಂಡಜೋಲ್‌ಗಳಿಗೆ ಕುರಿಯ ಹೀಮಾಂಕಸ್ ಬಗ್ಗುತ್ತಿಲ್ಲವೆಂಬ ವರದಿ ಇಲ್ಲಿ 1976ರಲ್ಲೇ ಪ್ರಕಟವಾಗಿತ್ತು.

ಹುಳು ಇಷ್ಟು ಬೇಗ ಬದಲಾಗುವುದು ಹೇಗೆ? ಥಯಾಬೆಂಡಜೋಲ್, ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಒಂದೇ ಕುಟುಂಬದವು. ಹುಳುವಿನ ಜೀವಕೋಶದ ಟ್ಯುಬುಲಿನ್ ಎಂಬ ಪ್ರೊಟೀನಿಗೆ ಅಂಟಿಕೊಂಡು ಕೊಲ್ಲುತ್ತವೆ. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ತೋರಿಸಿಕೊಟ್ಟಂತೆ, ಆ ಪ್ರೊಟೀನಿನ 200ನೇ ಸ್ಥಾನದಲ್ಲಿ ಫಿನೈಲ್‌ಅಲನಿನ್ ಬದಲು ಟೈರೊಸಿನ್ ಕೂತರೆ ಔಷಧಿ ನಿಷ್ಫಲ. ಅದಕ್ಕೆ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸಾಕು. ದಿನಕ್ಕೆ ಸಾವಿರಾರು ಮೊಟ್ಟೆಯಿಡುವ ಜೀವಿಗೆ ಅಂಥ ಬದಲಾವಣೆ ದುಬಾರಿಯಲ್ಲ. ಔಷಧಿ ಹಾಕುವ ಮೊದಲೇ ಅಂಥ ಕೆಲವು ಹುಳುಗಳು ಮಂದೆಯಲ್ಲಿದ್ದವು. ಔಷಧಿ ಮಾಡಿದ್ದು ಉಳಿದವನ್ನು ಕೊಂದು ಅವಕ್ಕೆ ಜಾಗ ಬಿಡಿಸಿಕೊಟ್ಟದ್ದು.

ಆಸ್ಟ್ರೇಲಿಯದ ಅನುಭವ ಇಲ್ಲಿ ದೊಡ್ಡ ಪಾಠ. ನ್ಯೂ ಸೌತ್ ವೇಲ್ಸ್‌ನ ಉತ್ತರದ ಪ್ರಸ್ಥಭೂಮಿಯಲ್ಲಿ ಬೇಸಿಗೆಯಲ್ಲೇ ಮಳೆ, ಹಾಗಾಗಿ ಹೀಮಾಂಕಸ್ ಹಾವಳಿ ವಿಪರೀತ. 1984ರಲ್ಲಿ ಅಲ್ಲಿ ‘ವರ್ಮ್‌ಕಿಲ್’ ಎಂಬ ಯೋಜನೆ ಶುರುವಾಯಿತು. ರಕ್ತದಲ್ಲಿ ವಾರಗಟ್ಟಲೆ ಉಳಿದು ರಕ್ತ ಹೀರುವ ಹುಳುವನ್ನಷ್ಟೇ ಕೊಲ್ಲುವ ಕ್ಲೋಸಾಂಟೆಲ್ ಔಷಧಿಯನ್ನು, ಇತರ ಔಷಧಿಗಳ ಜೊತೆ, ನಿಗದಿತ ತಿಂಗಳುಗಳಲ್ಲಿ ಇಡೀ ಪ್ರದೇಶದ ಕುರಿಗಳಿಗೆ ಹಾಕುವುದು ಅದರ ತಿರುಳು. ರೈತರು ಒಟ್ಟಾಗಿ ಪಾಲಿಸಿದರು. ಹೀಮಾಂಕಸ್ ಕಾಯಿಲೆ ಎಷ್ಟು ಇಳಿಯಿತೆಂದರೆ, ಅದನ್ನು ಊರಿಂದಲೇ ಓಡಿಸಬಹುದೇನೋ ಎಂಬ ಆಸೆ ಹುಟ್ಟಿತು. ಹತ್ತು ವರ್ಷ ತುಂಬುವ ಮೊದಲೇ ಕ್ಲೋಸಾಂಟೆಲ್ ನಿರೋಧಕತೆ ಅದೇ ಸೀಮೆಯಲ್ಲಿ ದಾಖಲಾಯಿತು. ಯೋಜನೆ ಸೋತದ್ದು ಅಶ್ರದ್ಧೆಯಿಂದಲ್ಲ. ಎಲ್ಲರೂ ಎಲ್ಲ ಕುರಿಗಳಿಗೂ ಒಂದೇ ಹೊತ್ತಿಗೆ ಔಷಧಿ ಹಾಕಿದ್ದೇ ಬಗ್ಗದ ಹುಳುಗಳಿಗೆ ದಾರಿ ಮಾಡಿಕೊಟ್ಟಿತು.

ಈ ಮಾತನ್ನು ಸ್ಪಷ್ಟವಾದ ಸಿದ್ಧಾಂತವಾಗಿ ಮುಂದಿಟ್ಟವರಲ್ಲಿ ದಕ್ಷಿಣ ಆಫ್ರಿಕಾದ ಯಾನ್ ವಾನ್ ವೈಕ್ ಪ್ರಮುಖರು. 2001ರ ಅವರ ಪ್ರಬಂಧ ‘ರೆಫ್ಯೂಜಿಯ’ದ ಕಡೆ ಬೊಟ್ಟು ಮಾಡಿತು. ಅಂದರೆ ಔಷಧಿ ತಗುಲದೆ ಉಳಿದ ಹುಳುಗಳು: ಹುಲ್ಲಿನ ಮೇಲಿರುವ ಮರಿಹುಳುಗಳು, ಔಷಧಿ ಕುಡಿಸದೆ ಬಿಟ್ಟ ಕುರಿಯ ಹೊಟ್ಟೆಯಲ್ಲಿರುವವು. ಔಷಧಿಗೆ ಸಾಯುವ ಗುಣ ಇನ್ನೂ ಇರುವುದು ಇವುಗಳಲ್ಲೇ. ಇವು ಹೆಚ್ಚಿದ್ದಷ್ಟೂ ಬಗ್ಗದ ಹುಳುಗಳ ಸಂತತಿ ಇವುಗಳ ನಡುವೆ ಕರಗಿಹೋಗುತ್ತದೆ. ಹಿಂದಿನ ಸಲಹೆಯೊಂದನ್ನು ಇದು ತಲೆಕೆಳಗು ಮಾಡಿತು. ಎಲ್ಲ ಕುರಿಗಳಿಗೂ ಔಷಧಿ ಕುಡಿಸಿ, ಕೂಡಲೇ ಹುಳುವಿಲ್ಲದ ಹೊಸ ಹುಲ್ಲುಗಾವಲಿಗೆ ಹೊಡೆಯಿರಿ ಎಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಹಾಗೆ ಮಾಡಿದರೆ ಹೊಸ ಹುಲ್ಲಿಗೆ ಬೀಳುವುದು ಔಷಧಿಯಿಂದ ಪಾರಾದ ಹುಳುವಿನ ಮೊಟ್ಟೆ ಮಾತ್ರ. ಸುಡುಬೇಸಿಗೆಯಲ್ಲಿ, ನೆಲದ ಮೇಲೆ ಮರಿಹುಳುವೇ ಇಲ್ಲದಾಗ, ಇಡೀ ಮಂದೆಗೆ ಔಷಧಿ ಹಾಕಿದರೂ ಫಲ ಅದೇ.

ಹಾಗಾದರೆ ಯಾವ ಕುರಿಗೆ ಕುಡಿಸುವುದು, ಯಾವುದನ್ನು ಬಿಡುವುದು? ಉತ್ತರವೂ ದಕ್ಷಿಣ ಆಫ್ರಿಕಾದಿಂದಲೇ ಬಂತು. ಮಂದೆಯ ಹುಳುಗಳಲ್ಲಿ ಬಹುಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತವೆ. ಅವನ್ನು ಗುರುತಿಸಲು ಫಾಫಾ ಮಲಾನ್, ಗ್ಯಾರೆತ್ ಬಾತ್ ಮತ್ತು ವಾನ್ ವೈಕ್ 1990ರ ದಶಕದಲ್ಲಿ ಒಂದು ಬಣ್ಣದ ಪಟ್ಟಿಯನ್ನು ಸಿದ್ಧಪಡಿಸಿದರು. ಫಮಾಚ ಎಂದು ಅದರ ಹೆಸರು. ಕಡುಗೆಂಪಿನಿಂದ ಬಿಳಿಯವರೆಗೆ ಐದು ಬಣ್ಣ. ಹಗಲು ಬೆಳಕಿನಲ್ಲಿ ಹೆಬ್ಬೆರಳಿನಿಂದ ಕಣ್ಣುಗುಡ್ಡೆಯನ್ನು ಮೃದುವಾಗಿ ಒತ್ತಿ, ಕೆಳರೆಪ್ಪೆಯನ್ನು ಇಳಿಸಿ, ಒಳಪೊರೆಯ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಬೇಕು. ನಾಲ್ಕು, ಐದು ಇದ್ದರೆ ಔಷಧಿ. ಒಂದು, ಎರಡು ಇದ್ದರೆ ಬೇಡ. ಸಣ್ಣಕರುಳಿನ ಹುಳುಗಳನ್ನು ಇದು ಹಿಡಿಯದು, ಮಳೆಗಾಲದಲ್ಲಿ ಮತ್ತೆ ಮತ್ತೆ ನೋಡುತ್ತಿರಬೇಕು. ಆದರೂ ಈ ಕ್ಷೇತ್ರದಲ್ಲಿ ಕುರಿಗಾರನ ಕಣ್ಣಿಗೆ ಮತ್ತೆ ಬೆಲೆ ತಂದುಕೊಟ್ಟದ್ದು ಈ ಪಟ್ಟಿ. ಔಷಧಿ ಬಾಟಲಿಯ ಯುಗದಲ್ಲಿ ಮಂದೆಯನ್ನು ಒಟ್ಟಾಗಿ ನೋಡುವುದೇ ರೂಢಿಯಾಗಿತ್ತು. ಇದಕ್ಕೆ ಒಂದೊಂದು ಕುರಿಯನ್ನೂ ಹಿಡಿದು ನೋಡಲೇಬೇಕು.

ಕೆಲವು ಕುರಿಗಳು ತಾವೇ ಹುಳುವನ್ನು ತಡೆಯುತ್ತವೆ ಎಂಬುದು ಹಳೆಯ ಗಮನಿಕೆ. 1929ರಲ್ಲಿ ಅಮೆರಿಕದ ನಾರ್ಮನ್ ಸ್ಟಾಲ್, ಪದೇ ಪದೇ ಹುಳು ತಗುಲಿದ ಮರಿಗಳು ಔಷಧಿಯಿಲ್ಲದೆ ಒಮ್ಮೆಗೇ ಹುಳುಗಳನ್ನು ಹೊರಹಾಕಿದ್ದನ್ನು ದಾಖಲಿಸಿದ. ಈ ಶಕ್ತಿ ಭಾಗಶಃ ವಂಶದಿಂದ ಬರುವುದರಿಂದ 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ಆರ್ಮಿಡೇಲ್‌ನಲ್ಲಿ ಮೆರಿನೊ ಕುರಿಗಳನ್ನು ಹಿಕ್ಕೆಯ ಮೊಟ್ಟೆ ಎಣಿಕೆಯ ಆಧಾರದ ಮೇಲೆ ಆರಿಸಿ ಬೆಳೆಸತೊಡಗಿದರು. ಪೂರ್ವ ಆಫ್ರಿಕಾದ ಕೆಂಪು ಮಾಸಾಯಿ, ನಮ್ಮ ಸುಂದರಬನದ ಜೌಗಿನಲ್ಲಿ ಮೇಯುವ ಗಾರೋಲ್ ತಳಿಗಳು ಹೀಮಾಂಕಸ್ ತಡೆಯುವುದರಲ್ಲಿ ಹೆಸರಾದವು. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಮಾಲ್ಪುರ ಕುರಿಗಳಲ್ಲಿ ಇಂಥ ಆಯ್ಕೆ ನಡೆಸಿದೆ. ಆ ಒಣಸೀಮೆಯಲ್ಲಿ ವರ್ಷಕ್ಕೆ ಹಲವು ಬಾರಿ ಔಷಧಿ ಹಾಕುವ ಬದಲು ಮಳೆಗಾಲದ ನಡುವಿನಿಂದ ಕೊನೆಯೊಳಗೆ ಒಂದೇ ಬಾರಿ ಹಾಕಿದರೆ ಸಾಕೆಂದೂ ಅದು ಸಲಹೆ ಕೊಟ್ಟಿದೆ.

ಲಸಿಕೆಯ ಕನಸು ನನಸಾದದ್ದು 2014ರಲ್ಲಿ, ಆಸ್ಟ್ರೇಲಿಯದಲ್ಲಿ. ಸ್ಕಾಟ್ಲೆಂಡಿನ ಮೋರ್ಡನ್ ಸಂಸ್ಥೆ ರೂಪಿಸಿದ ಬಾರ್ಬರ್‌ವ್ಯಾಕ್ಸ್‌ನ ಮೂಲವಸ್ತು ಹುಳುವಿನ ಕರುಳಿನ ಪ್ರೊಟೀನುಗಳು. ಲಸಿಕೆ ಪಡೆದ ಕುರಿಯ ರಕ್ತದಲ್ಲಿ ಅವುಗಳ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಆ ರಕ್ತವನ್ನು ಕುಡಿದ ಹುಳು ತನ್ನ ಕರುಳಿಗೇ ಪೆಟ್ಟು ತಂದುಕೊಳ್ಳುತ್ತದೆ. ತೊಡಕು ತಯಾರಿಕೆಯಲ್ಲಿದೆ. ಪ್ರಯೋಗಾಲಯದಲ್ಲಿ ತಯಾರಿಸಿದ ಕೃತಕ ಪ್ರೊಟೀನು ಅಷ್ಟು ರಕ್ಷಣೆ ಕೊಡದ ಕಾರಣ, ವಧಿಸಿದ ಕುರಿಗಳ ಹೊಟ್ಟೆಯಿಂದ ಹುಳುಗಳನ್ನೇ ಸಂಗ್ರಹಿಸಿ ಲಸಿಕೆ ಮಾಡಬೇಕು. ಋತುವೊಂದರಲ್ಲಿ ಹಲವು ಚುಚ್ಚುಮದ್ದು ಬೇಕಾಗುತ್ತದೆ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರದ ನಂತರ ಮೂರನೆಯ ಸ್ಥಾನ. ಊರೂರು ಅಲೆಯುವ ಕುರುಬರ ಮಂದೆಗೆ ಆ ಅಲೆದಾಟವೇ ಒಂದು ರಕ್ಷಣೆ: ಬಿದ್ದ ಮೊಟ್ಟೆ ಮರಿಹುಳುವಾಗುವಷ್ಟರಲ್ಲಿ ಮಂದೆ ಮುಂದಿನ ಊರಿನ ಹೊಲದಲ್ಲಿರುತ್ತದೆ. ಒಂದೇ ಜಾಗದಲ್ಲಿ ಬೇಲಿ ಹಾಕಿ ಮೇಯಿಸುವ ಫಾರಂಗಳಿಗೆ ಆ ಅನುಕೂಲವಿಲ್ಲ. ಹಿಕ್ಕೆ ಕೆಳಗೆ ಬೀಳುವಂತೆ ಎತ್ತರದಲ್ಲಿ ಸಂದುಬಿಟ್ಟ ಅಟ್ಟ ಕಟ್ಟಿ, ಮೇವು ಕೊಯ್ದು ಹಾಕುವ ಪದ್ಧತಿ ಹುಳುವಿನ ಚಕ್ರವನ್ನು ಚೆನ್ನಾಗಿಯೇ ಮುರಿಯುತ್ತದೆ. ಆದರೆ ಅದೇ ಹಿಕ್ಕೆಯನ್ನು ಹಸಿಯಾಗಿ ಮೇವಿನ ಮಡಿಗೆ ಹಾಕಿದರೆ ಮರಿಹುಳುಗಳು ಕೊಯ್ದ ಹುಲ್ಲಿನೊಂದಿಗೆ ಮತ್ತೆ ದೊಡ್ಡಿಗೆ ಬರುತ್ತವೆ. ಹಿಕ್ಕೆ ಮೊದಲು ಗೊಬ್ಬರ ಗುಂಡಿಯಲ್ಲಿ ಕಾವು ಏರಿ ಕೊಳೆಯಬೇಕು.

ಔಷಧಿ ಕುಡಿಸುವಾಗಲೂ ತಪ್ಪುಗಳು ಸಣ್ಣವೇ, ನಷ್ಟ ದೊಡ್ಡದು. ಕಣ್ಣಂದಾಜಿನಲ್ಲಿ ತೂಕ ಕಟ್ಟಿದರೆ ದಪ್ಪ ಕುರಿಗೆ ಔಷಧಿ ಕಡಿಮೆ ಬೀಳುತ್ತದೆ, ಅರೆಬರೆ ತಾಳುವ ಹುಳುಗಳು ಉಳಿಯುತ್ತವೆ. ತಕ್ಕಡಿಯಲ್ಲಿ ತೂಗಿ, ನಾಲಿಗೆಯ ಹಿಂಬದಿಗೆ ಕುಡಿಸಬೇಕು. ಔಷಧಿ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹತ್ತು-ಹದಿನೈದು ಕುರಿಗಳಿಗೆ ಗುರುತು ಹಾಕಿ, ಅವುಗಳ ಹಿಕ್ಕೆಯನ್ನು ಔಷಧಿ ಕುಡಿಸುವ ದಿನ ಒಮ್ಮೆ, ಎರಡು ವಾರದ ಒಳಗೆ ಇನ್ನೊಮ್ಮೆ ಪಶುವೈದ್ಯರ ಮೂಲಕ ಎಣಿಕೆಗೆ ಕೊಡಬೇಕು. ಮೊಟ್ಟೆಗಳ ಸಂಖ್ಯೆ ಶೇ. 95ರಷ್ಟಾದರೂ ಇಳಿಯದಿದ್ದರೆ, ಮುಂದಿನ ಸಲ ಅದೇ ಕುಟುಂಬದ ಇನ್ನೊಂದು ಹೆಸರಿನ ಬಾಟಲಿ ತಂದು ಉಪಯೋಗವಿಲ್ಲ. ಬೇರೆ ಕುಟುಂಬದ ಔಷಧಿಯನ್ನೇ ಕೇಳಿ ಪಡೆಯಬೇಕು.