ಊರು ಬಿಡದವರ ಪಟ್ಟಿ

ಬರೆಯುವುದು ಎಯಮ್, ಕರೆಯುವುದು ಈಮ್. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳ ನಡುವಿನ ಈ ಹಳ್ಳಿಯ ಹೆಸರನ್ನು ನಾನು ಎರಡು ತಿಂಗಳು ತಪ್ಪಾಗೇ ಹೇಳ್ತಿದ್ದೆ, ಪಾಪ ಯಾರೂ ತಿದ್ದಲಿಲ್ಲ. ಆನ್‌ಸೈಟ್ ಅಂತ ಶೆಫೀಲ್ಡ್‌ನಲ್ಲಿದ್ದ ದಿನಗಳವು. ನಮ್ಮ ಟೀಮಿನಲ್ಲಿ ಒಬ್ಬ ಹಿರಿಯ ಟೆಸ್ಟರ್ ಇದ್ದರು, ತಾಯಿ ಕಡೆಯವರು ಆ ಸೀಮೆಯವರು. ಶನಿವಾರ ಬಂತೆಂದರೆ ನಾವೆಲ್ಲ ಲಂಡನ್ ಬಸ್ಸು ಹುಡುಕುತ್ತಿದ್ದೆವು, ಆ ಮನುಷ್ಯ ಮಾತ್ರ ಸತ್ತುಹೋದ ತನ್ನ ಹಿರೀಕರನ್ನು ಹುಡುಕುತ್ತಿದ್ದರು. ಒಂದು ವಾರ ನನ್ನನ್ನೂ ಕಾರಲ್ಲಿ ಕೂರಿಸಿಕೊಂಡು ಹೋದರು.

ಅಲ್ಲಿನ ಪ್ಯಾರಿಷ್ ಅಂದ್ರೆ ಒಂದು ಚರ್ಚು, ಅದಕ್ಕೆ ಸೇರಿದ ಊರು, ಹೊಲ, ಜನ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಒಂದು ಆಜ್ಞೆ ಹೊರಡಿಸಿದ: ಪ್ರತಿ ಪ್ಯಾರಿಷ್‌ನ ಪಾದ್ರಿಯೂ ತನ್ನಲ್ಲಾದ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು. ಸರ್ಕಾರವೇ ಹುಟ್ಟು–ಸಾವು ನೋಂದಾಯಿಸಲು ಶುರು ಮಾಡಿದ್ದು 1837ರಲ್ಲಿ. ಅಂದರೆ ಸುಮಾರು 300 ವರ್ಷ, ಆಸ್ತಿ ಇಲ್ಲದ, ಉಯಿಲು ಬರೆಯದ ಒಬ್ಬ ಕೂಲಿಯವನು ಈ ಭೂಮಿ ಮೇಲೆ ಬದುಕಿದ್ದ ಅನ್ನೋದಕ್ಕೆ ಬಹಳ ಸಲ ಇರುವ ಒಂದೇ ಸಾಕ್ಷಿ ಪಾದ್ರಿಯ ಒಂದು ಸಾಲು. ಇಂಥವನ ಮಗ, ಇಂಥ ದಿನ. ಅಷ್ಟೇ.

ಈಮ್‌ನ ಆ ಸಾಲುಗಳಲ್ಲಿ 1665ರ ಸೆಪ್ಟೆಂಬರ್ 7ರದ್ದು ಜಾರ್ಜ್ ವಿಕರ್ಸ್ ಎಂಬವನದು. ದರ್ಜಿಯ ಮನೆಯಲ್ಲಿ ಕೆಲಸಕ್ಕಿದ್ದವನು. ಲಂಡನ್ನಿನಿಂದ ಬಂದ ಬಟ್ಟೆಯ ಗಂಟು ಒದ್ದೆಯಾಗಿತ್ತಂತೆ, ಬೆಂಕಿ ಮುಂದೆ ಹರವಿ ಒಣಗಿಸಿದನಂತೆ, ಚಿಗಟದ ಜೊತೆ ಪ್ಲೇಗು ಊರಿಗಿಳಿಯಿತಂತೆ. ಆಮೇಲಿನ ಹದಿನಾಲ್ಕು ತಿಂಗಳಲ್ಲಿ ಸುಮಾರು 260 ಜನ ಹೋದರು.

1666ರ ಬೇಸಿಗೆಯಲ್ಲಿ, ಇನ್ನೂ ಮೂವತ್ತು ತುಂಬದ ಪಾದ್ರಿ ವಿಲಿಯಂ ಮಾಂಪೆಸನ್, ಯಾರೂ ಊರು ಬಿಟ್ಟು ಹೋಗಬಾರದು, ಅಕ್ಕಪಕ್ಕದ ಹಳ್ಳಿಗಳಿಗೆ ರೋಗ ಹಬ್ಬಿಸಬಾರದು ಎಂದು ಜನರನ್ನು ಒಪ್ಪಿಸಿದ. ಹೊಸಬನ ಮಾತು ಜನ ಸುಮ್ಮನೆ ಕೇಳ್ತಾರಾ? ಅದಕ್ಕೇ ರಾಜನ ಧರ್ಮಕಾನೂನಿಗೆ ಒಪ್ಪದೆ ಕೆಲಸ ಕಳೆದುಕೊಂಡಿದ್ದ ಹಳೇ ಪಾದ್ರಿ ಥಾಮಸ್ ಸ್ಟ್ಯಾನ್ಲಿಯನ್ನೂ ಜೊತೆಗೆ ಸೇರಿಸಿಕೊಂಡ. ಚರ್ಚಿಗೆ ಬೀಗ ಬಿತ್ತು, ಪ್ರಾರ್ಥನೆ ಬಯಲಿಗೆ ಬಂತು. ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರ್‌ನ ಅರ್ಲ್ ಊಟ, ಔಷಧಿ ಕಳಿಸಿದ. ಹೊರಗಿನವರು ಊರ ಗಡಿಯಲ್ಲಿ ಸಾಮಾನು ಇಟ್ಟು ಹೋಗೋರು, ಇವರು ವಿನೆಗರ್‌ನಲ್ಲೋ ಹರಿಯುವ ನೀರಿನಲ್ಲೋ ಕಾಸು ಹಾಕಿಡೋರು. ಆಗಸ್ಟ್‌ನಲ್ಲಿ ಮಾಂಪೆಸನ್‌ನ ಹೆಂಡತಿ ಕ್ಯಾಥರಿನ್ ಕೂಡ ಸತ್ತಳು.

ಕೋವಿಡ್ ಸಮಯದಲ್ಲಿ ವಾಟ್ಸಾಪಿನಲ್ಲಿ ನೀವು ಓದಿದ ತ್ಯಾಗದ ಕಥೆ ಇಲ್ಲಿಗೆ ಮುಗಿದಿರುತ್ತೆ. ಆದರೆ ನಮ್ಮ ಟೆಸ್ಟರ್ ಹೇಳಿಕೇಳಿ ಟೆಸ್ಟರ್. "350 ಜನರಲ್ಲಿ 83 ಜನ ಉಳಿದರು ಅಂತಾರಲ್ಲ, ಎಣಿಸಿ ನೋಡಿದ್ದೀಯಾ?" ಅಂದರು.

ಅಚ್ಚಾದ ಸಮಾಧಿ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿದೆ, ಸಾರ್ಟ್ ಕೊಟ್ಟೆ. ನೋಡಿದ್ರೆ ರೋಗ ಊರಿಗೆ ಬರೋಕೂ ಆರು ತಿಂಗಳು ಮೊದಲೇ ಜನ ಸಾಯ್ತಿದ್ದಾರೆ! ಡೇಟಾ ತಪ್ಪು ಅಂದೆ. ಅವರು ನಕ್ಕರು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1665ರ ಡಿಸೆಂಬರ್ ಆದಮೇಲೆ ಬರೋದು 1665ರ ಫೆಬ್ರವರಿ. ಯುಗಾದಿ ಲೆಕ್ಕದಲ್ಲಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು.

ಸರಿ, ಸತ್ತವರ ಲೆಕ್ಕ ಸಿಕ್ಕಿತು, ಇದ್ದವರ ಲೆಕ್ಕ? ಅದಕ್ಕೆ ಬೇರೆಯದೇ ಕಡತ ಬೇಕು. ಆಗ ಮನೆಯ ಒಲೆಗಳ ಮೇಲೂ ತೆರಿಗೆ ಇತ್ತು. 1664ರ ಒಲೆ ತೆರಿಗೆಯ ಪಟ್ಟಿಯಲ್ಲಿ ಈಮ್‌ಗೆ ಸುಮಾರು 160 ಮನೆಗಳಿವೆ. ಮನೆಗೆ ನಾಲ್ಕೈದು ಜನ ಅಂದರೂ 700 ದಾಟುತ್ತೆ. ಹಾಗಾಗಿ ಊರಿನ ಮುಕ್ಕಾಲು ಪಾಲಲ್ಲ, ಸುಮಾರು ಮೂರನೇ ಒಂದು ಪಾಲು ಜನ ಸತ್ತದ್ದು. 1842ರಲ್ಲಿ ವಿಲಿಯಂ ವುಡ್ ಬರೆದ ಊರಿನ ಇತಿಹಾಸದಿಂದ ಬಾಯಿಂದ ಬಾಯಿಗೆ ಬಂದ ಕಥೆ ಎಷ್ಟು, ಪುಸ್ತಕದ ಸಾಲು ಎಷ್ಟು ಅನ್ನೋದನ್ನ ಹೀಗೆ ಒಂದೊಂದಾಗಿ ಬಿಡಿಸಬೇಕು. ಇನ್ನೊಂದು ವಿಷಯ: ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಮೊದಲೇ ಊರಿಂದ ಆಚೆ ಕಳಿಸಿದ್ದ. ನಾನಾಗಿದ್ದರೂ ಕಳಿಸ್ತಿದ್ದೆ. ಆದರೆ ಕಳಿಸೋಕೆ ಜಾಗ ಇದ್ದದ್ದು ಎಷ್ಟು ಜನಕ್ಕೆ?

ಎಲಿಜಬೆತ್ ಹ್ಯಾನ್‌ಕಾಕ್‌ಗೆ ಇರಲಿಲ್ಲ. ಊರಾಚೆ ರೈಲಿ ಅನ್ನುವ ಹೊಲ. 1666ರ ಆಗಸ್ಟ್‌ನ ಎಂಟು ದಿನಗಳಲ್ಲಿ ಗಂಡ ಮತ್ತು ಆರು ಮಕ್ಕಳನ್ನು ಆಕೆ ಒಬ್ಬಳೇ ಹೂತಳು. ಕಲ್ಲುಗಳು ಇವತ್ತಿಗೂ ಅಲ್ಲಿವೆ, ಸುತ್ತ ಗುಂಡಗೆ ಒಂದು ಗೋಡೆ. ಆವತ್ತು ಮಳೆ ಹನಿಯುತ್ತಿತ್ತು, ಸುತ್ತ ಕುರಿ ಮೇಯುತ್ತಿದ್ದವು. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು, ಅದಕ್ಕೆ ಕಾರಣ ಎಲಿಜಬೆತ್ ಒಬ್ಬಳೇ ಅಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದದ್ದು ನಿಮಗೆ ಗೊತ್ತಿರುತ್ತೆ. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದರಲ್ಲಿ ಅದರ ಪಾಲಿದೆ, ಪ್ಲೇಗಮ್ಮನ ಗುಡಿಗಳು ಇವತ್ತೂ ಇವೆ. ಅದಾದ ಮೇಲೂ ಎಷ್ಟೋ ವರ್ಷ ಅದು ಹಳ್ಳಿ ಹಳ್ಳಿ ಸುತ್ತುತ್ತಿತ್ತು. ನಮ್ಮೂರಿನವರು ಮಾಡಿದ್ದು ಈಮ್‌ನವರಿಗೆ ಉಲ್ಟಾ: ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಆ ಗುಡಿಸಲಿನಲ್ಲೇ ನಮ್ಮ ಮುತ್ತಜ್ಜಿಯ ಮಕ್ಕಳು ಹೋಗಿದ್ದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಆ ಹೊಲದ ಪಹಣಿ ನಮ್ಮನೆ ಟ್ರಂಕಿನಲ್ಲಿದೆ, ಸರ್ವೇ ನಂಬರು ನನಗೆ ಬಾಯಿಪಾಠ.

ಅವತ್ತು ರಾತ್ರಿ ರೂಮಿಗೆ ಬಂದು ಅಜ್ಜಿಗೆ ಫೋನ್ ಹಚ್ಚಿದೆ. ನಮ್ಮಲ್ಲಿ ಬೆಳಗಿನ ಜಾವ, ಗಾಬರಿಯಾಗಿಯೇ ಎತ್ತಿತು.

"ಅಜ್ಜಿ, ನಿಮ್ಮತ್ತೆಗೆ ಪ್ಲೇಗಲ್ಲಿ ಹೋದ ಮಕ್ಕಳು ಎಷ್ಟು?"

"ಇದ್ಯಾಕೋ ಇಷ್ಟೊತ್ತಲ್ಲಿ? ಮೂರೋ ನಾಲ್ಕೋ ಅಂತಿದ್ರು ಕಣಪ್ಪ."

"ಹೆಸರು?"

ಸ್ವಲ್ಪ ಹೊತ್ತು ಮಾತಿಲ್ಲ. ಹಟ್ಟಿಯಲ್ಲಿ ಕರು ಕೂಗಿದ್ದು ಕೇಳಿಸಿತು.

"ಒಂದು ಹೆಣ್ಣುಕೂಸಿತ್ತಂತೆ, ಪುಟ್ಟಮ್ಮ ಅಂತಲೋ ಏನೋ ಕರೀತಿದ್ರಂತೆ. ಮಿಕ್ಕಿದ್ದು ನಮ್ಮತ್ತೆ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಎಕ್ಸೆಲ್ ಇನ್ನೂ ತೆರೆದೇ ಇತ್ತು. ಹೊಸ ಶೀಟ್ ಮಾಡಿ, ಮೊದಲ ಸಾಲಿನಲ್ಲಿ ಪುಟ್ಟಮ್ಮ ಎಂದು ಟೈಪ್ ಮಾಡಿದೆ. ತಾರೀಖಿನ ಕಾಲಂ ಖಾಲಿ.